ಗಾಳಿಮಾಪಕ ಕೂಗಿದಾಗ, ಕೂಗದಿದ್ದಾಗ: ಮಲೆನಾಡಿನಲ್ಲಿ ಹಳೆ ಕಾರ್ಖಾನೆಯ ನೆಲ ಶುದ್ಧ ಮಾಡುವವರಿಗೆ ದೋಷ ನಿವಾರಣೆ ಕೈಪಿಡಿ

ಶಿವಮೊಗ್ಗ ಎರಕದ ಕೆಲಸಕ್ಕೆ ಹೆಸರಾದ ಊರು. ಎರಕ ಇದ್ದಲ್ಲಿ ಅದರ ಬೆನ್ನಿಗೇ ಲೋಹಕ್ಕೆ ಕ್ರೋಮ್ ಲೇಪಿಸುವ, ಬಣ್ಣ ಹೊಡೆಯುವ ಸಣ್ಣ ಶೆಡ್ಡುಗಳೂ ಬರುತ್ತವೆ. ಅಂಥದೊಂದು ಶೆಡ್ಡಿಗೆ ಬೀಗ ಬಿದ್ದ ಮಾತ್ರಕ್ಕೆ ಅದರ ಕಥೆ ಮುಗಿಯುವುದಿಲ್ಲ. ಸೀಸ, ಕ್ರೋಮಿಯಂ, ದ್ರಾವಕ, ಹಳೆಯ ಎಣ್ಣೆ ಮಣ್ಣಿನಲ್ಲಿ ಉಳಿದಿರುತ್ತವೆ. ಆ ಮಣ್ಣನ್ನು ಅಗೆದು ಸಾಗಿಸುವ ಕೆಲವು ವಾರಗಳೇ ಸುತ್ತಲಿನವರಿಗೆ ಹೆಚ್ಚು ಅಪಾಯದ ಕಾಲ. ವರ್ಷಗಟ್ಟಲೆ ನೆಲದಲ್ಲಿ ಮಲಗಿದ್ದದ್ದು ಆಗ ಗಾಳಿಗೆ ಏಳುತ್ತದೆ. ಬೇಲಿಯ ಸುತ್ತ ಮಾಪಕಗಳನ್ನು ನಿಲ್ಲಿಸುವುದು ಅದಕ್ಕಾಗಿ.

ಆ ಮಾಪಕಗಳನ್ನು ಓದುವ ಯುವಕ ಯುವತಿಯರಿಗೆ, ಸೈಟಿನ ಮೇಲ್ವಿಚಾರಕರಿಗೆ, ಬೇಲಿಯ ಆಚೆ ತೋಟ ಮನೆ ಮಾಡಿಕೊಂಡಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಎಲ್ಲದಕ್ಕೂ ಮೊದಲು ಒಂದು ನಿಯಮ: ಕೂಗು ಕೇಳಿದರೆ ಮೊದಲು ಕೆಲಸ ನಿಲ್ಲಿಸಿ, ಆಮೇಲೆ ಮಾಪಕವನ್ನು ಅನುಮಾನಿಸಿ. ನಾನು ನೋಡಿದ ಜಾಗಗಳಲ್ಲಿ ಇದು ತಿರುವುಮುರುವಾಗಿಯೇ ನಡೆಯುತ್ತಿತ್ತು. ಜೆಸಿಬಿ ಅಗೆಯುತ್ತಲೇ ಇರುತ್ತದೆ, ಯಾರೋ ಒಬ್ಬರು ಮಾಪಕವನ್ನು ತಟ್ಟಿ ನೋಡುತ್ತಾರೆ, "ಮಂಜಿಗೆ ಹೀಗಾಗಿದೆ" ಎನ್ನುತ್ತಾರೆ. ಹಲವು ಸಲ ಆ ಮಾತು ನಿಜವೂ ಹೌದು. ನಿಜವಲ್ಲದ ಒಂದು ದಿನಕ್ಕಾಗಿ ಹತ್ತು ನಿಮಿಷ ಬಕೆಟ್ ಕೆಳಗಿಳಿಸಿ ಕಾಯುವುದರಿಂದ ಯಾರಿಗೂ ನಷ್ಟವಿಲ್ಲ.

ಯಾವ ಅಂಕಿಗೆ ನಿಲ್ಲಿಸಬೇಕು? 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದಂತೆ 24 ಗಂಟೆಗಳ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ ಪಿಎಂ10 (10 ಮೈಕ್ರಾನ್‌ಗಿಂತ ಸಣ್ಣ ಧೂಳಿನ ಕಣ) 100 ಮೈಕ್ರೋಗ್ರಾಂ, ಪಿಎಂ2.5 (2.5 ಮೈಕ್ರಾನ್‌ಗಿಂತ ಸಣ್ಣ ಕಣ) 60, ಸೀಸ 1 ಮೀರಬಾರದು. ಆದರೆ 24 ಗಂಟೆಗಳ ಲೆಕ್ಕ ಕೈಗೆ ಬರುವಷ್ಟರಲ್ಲಿ ಧೂಳು ಮನೆಯೊಳಗೆ ಕೂತಿರುತ್ತದೆ. ಅಗೆತದ ಜಾಗಕ್ಕೆ 15 ನಿಮಿಷಗಳ ಸರಾಸರಿ ಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ ಇಟ್ಟುಕೊಂಡಿರುವ ಕ್ರಮ ಒಳ್ಳೆಯ ಮಾದರಿ: ಗಾಳಿ ಬರುವ ಕಡೆಯ ಅಂಕಿಗಿಂತ ಗಾಳಿ ಹೋಗುವ ಕಡೆ ಪಿಎಂ10 100 ಮೈಕ್ರೋಗ್ರಾಂ ಹೆಚ್ಚಿದರೆ ನೀರು ಸಿಂಪಡಿಸಿ ಧೂಳು ಅಡಗಿಸಬೇಕು, ಅಷ್ಟಾದರೂ ವ್ಯತ್ಯಾಸ 150 ಮೀರಿದರೆ ಕೆಲಸ ನಿಲ್ಲಿಸಬೇಕು. ಮಣ್ಣು ಹೆಚ್ಚು ವಿಷಮಯವಾಗಿದ್ದರೆ ಇದಕ್ಕಿಂತ ಬಿಗಿ ಮಾಡಿಕೊಳ್ಳಿ. ಮಣ್ಣಿನಲ್ಲಿ ಸೀಸ ಶೇಕಡಾ 1 ಇದೆಯೆಂದರೆ ಆ ಮಣ್ಣಿನ 100 ಮೈಕ್ರೋಗ್ರಾಂ ಧೂಳಿನಲ್ಲಿ 1 ಮೈಕ್ರೋಗ್ರಾಂ ಸೀಸ ಇರುತ್ತದೆ. ಈ ಗುಣಾಕಾರವನ್ನು ಮಣ್ಣಿನ ವರದಿ ಬಂದ ದಿನವೇ ಮಾಡಿ ಗೋಡೆಗೆ ಅಂಟಿಸಿ.

ಬೆಳಗ್ಗೆ ಧೂಳಿನ ಅಂಕಿ ಏರಿದೆ, ನೆಲ ನೋಡಿದರೆ ಒದ್ದೆ

ಬೇಲಿಯ ಮೇಲಿನ ಮಾಪಕಗಳು ಸಾಮಾನ್ಯವಾಗಿ ಬೆಳಕಿನಿಂದ ಅಳೆಯುತ್ತವೆ. ಗಾಳಿಯನ್ನು ಒಳಗೆಳೆದು, ಕಣಗಳು ಚದುರಿಸುವ ಬೆಳಕನ್ನು ನೋಡಿ ಧೂಳಿನ ತೂಕವನ್ನು ಅಂದಾಜು ಮಾಡುತ್ತವೆ. ತೇವಾಂಶ ಶೇಕಡಾ 75 ದಾಟಿದ ಮೇಲೆ ಕಣಗಳು ನೀರು ಹೀರಿ ಉಬ್ಬುತ್ತವೆ. ಕಾವಳ ಕವಿದಾಗ ನೀರಿನ ಹನಿಗಳನ್ನೇ ಮಾಪಕ ಧೂಳೆಂದು ಎಣಿಸುತ್ತದೆ. ಬಯಲುಸೀಮೆಯಲ್ಲಿ ಇದು ವರ್ಷದ ಕೆಲವು ದಿನಗಳ ತೊಂದರೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಕಡೆ, ಅಥವಾ ಹೊಳೆ ಬದಿಯ ಯಾವುದೇ ತಗ್ಗಿನಲ್ಲಿ, ಇದು ದಿನನಿತ್ಯದ ಮಾತು.

ಖರ್ಚಿಲ್ಲದ ಪರೀಕ್ಷೆ ಮೊದಲು. ನಾಲ್ಕೂ ಮೂಲೆಯ ಅಂಕಿಗಳನ್ನು ಪಕ್ಕಪಕ್ಕ ಬರೆಯಿರಿ. ಕಾವಳ ಎಲ್ಲ ಮೂಲೆಯನ್ನೂ ಒಂದೇ ರೀತಿ ಏರಿಸುತ್ತದೆ, ಗಾಳಿ ಬರುವ ಕಡೆಯದನ್ನೂ ಸೇರಿಸಿ. ಅಗೆತದ ಧೂಳು ಗಾಳಿ ಹೋಗುವ ಕಡೆ ಮಾತ್ರ ಏರಿಸುತ್ತದೆ. ಡಿಸೆಂಬರಿನ ಒಂದು ಬೆಳಗ್ಗೆ ನಾವು ಮಂಜೆಂದು ಕೈಬಿಡುವುದರಲ್ಲಿದ್ದೆವು. ಮೂರು ಮೂಲೆ ಹೆಚ್ಚುಕಡಿಮೆ ಒಂದೇ ಅಂಕಿ ತೋರುತ್ತಿದ್ದವು, ನಾಲ್ಕನೆಯದು ಅವುಗಳ ದುಪ್ಪಟ್ಟು. ಹೋಗಿ ನೋಡಿದರೆ ಹಿಂದಿನ ದಿನ ಲಾರಿಯ ಹರಿದ ಟಾರ್ಪಾಲಿನಿಂದ ಚೆಲ್ಲಿದ ಮಣ್ಣು ಡಾಂಬರಿನ ಮೇಲೆ ಒಣಗಿ ಪುಡಿಯಾಗಿತ್ತು, ಬರುವ ಒಂದೊಂದು ವಾಹನವೂ ಅದನ್ನು ಎಬ್ಬಿಸುತ್ತಿತ್ತು. ಮಂಜೂ ನಿಜ, ಧೂಳೂ ನಿಜ. ಅಂದಿನಿಂದ ನಾನು ನಾಲ್ಕನ್ನೂ ಬರೆಯದೆ ತೀರ್ಮಾನ ಹೇಳುವುದಿಲ್ಲ.

ಎರಡನೆಯದು ಸೊನ್ನೆಯ ಪರೀಕ್ಷೆ. ಮಾಪಕದ ಜೊತೆ ಬಂದಿರುವ ಸೋಸುಗವನ್ನು (ಫಿಲ್ಟರ್) ಅದು ಗಾಳಿ ಎಳೆಯುವ ಬಾಯಿಗೆ ಸಿಕ್ಕಿಸಿದರೆ ಅಂಕಿ ಸೊನ್ನೆಯ ಹತ್ತಿರ ಬರಬೇಕು. ಬಾರದಿದ್ದರೆ ಒಳಗಿನ ಗಾಜಿನ ಮೇಲೆ ಕೊಳೆ ಅಥವಾ ನೀರು ಕೂತಿದೆ. ಒಣಗಿಸಿ, ಒರೆಸಿ, ಮತ್ತೆ ನೋಡಿ. ಸೊನ್ನೆ ಸರಿಯಿದ್ದೂ ದಿನವೂ ಇದೇ ತೊಂದರೆಯಾದರೆ ಒಳಬರುವ ಗಾಳಿಯನ್ನು ಬಿಸಿ ಮಾಡಿ ಒಣಗಿಸುವ ಕೊಳವೆ ಹಾಕಿಸಬೇಕು. ಕೊನೆಯ ಮಾತು ಹೇಳುವುದು ಸೋಸುಕಾಗದದ ಮೇಲೆ ಧೂಳನ್ನು ಹಿಡಿದು ತೂಗುವ ಸ್ಯಾಂಪ್ಲರ್.

ಮಂಜಿನ ದಿನಗಳಲ್ಲಿ ಅಂಕಿಯನ್ನು ಎರಡರಿಂದ ಭಾಗಿಸಿ ಬರೆಯುವ ಅಭ್ಯಾಸವನ್ನು ಕಂಡಿದ್ದೇನೆ. ಅದು ಸುಳ್ಳು ದಾಖಲೆ, ಮಾಡಬೇಡಿ. ಕಾವಳ ಇದ್ದಾಗ ಗಾಳಿಯೂ ನಿಂತಿರುತ್ತದೆ. ಎದ್ದದ್ದು ಚದುರದೆ ಅಲ್ಲೇ ತೂಗಾಡುತ್ತದೆ. ಕಾವಳ ಹರಿದು ಬಿಸಿಲು ಬಿದ್ದ ಮೇಲೆ ಅಗೆತ ಶುರು ಮಾಡುವುದೇ ಎಲ್ಲಕ್ಕಿಂತ ಅಗ್ಗದ ಪರಿಹಾರ.

ನಾವು ಅಗೆಯುತ್ತಿಲ್ಲ, ಆದರೂ ಅಂಕಿ ಏರುತ್ತಿದೆ

ಅಡಿಕೆ ಸುಗ್ಗಿಯ ಕಾಲವಾದರೆ ಮೊದಲು ಸುತ್ತ ನೋಡಿ. ಅಡಿಕೆ ಬೇಯಿಸುವ ಒಲೆಗಳು, ಸುಡುತ್ತಿರುವ ಸಿಪ್ಪೆ, ದರಗಿನ ರಾಶಿ, ಎಲ್ಲವೂ ಹೊಗೆ ಕೊಡುತ್ತವೆ. ಹೊಗೆಯ ಕಣ ಸಣ್ಣದು, ಅಗೆದ ಮಣ್ಣಿನ ಕಣ ದೊಡ್ಡದು. ಹಾಗಾಗಿ ಪಿಎಂ10ರಲ್ಲಿ ಪಿಎಂ2.5ರ ಪಾಲೆಷ್ಟು ಎಂದು ನೋಡಿದರೆ ಮೂಲ ತಿಳಿಯುತ್ತದೆ. ಮುಕ್ಕಾಲಿಗಿಂತ ಹೆಚ್ಚಿದ್ದರೆ ಬಹುತೇಕ ಹೊಗೆ; ಮೂರನೇ ಒಂದಕ್ಕಿಂತ ಕಡಿಮೆಯಿದ್ದರೆ ಮಣ್ಣು, ಅಂದರೆ ನಮ್ಮದೇ. ಕೆಲವು ಸಾವಿರ ರೂಪಾಯಿಯ ಅಗ್ಗದ ಮಾಪಕಗಳಲ್ಲಿ ಈ ಪರೀಕ್ಷೆ ನಡೆಯದು. ಅವು ದೊಡ್ಡ ಕಣಗಳನ್ನು ಸರಿಯಾಗಿ ಕಾಣುವುದೇ ಇಲ್ಲ, ಸಣ್ಣ ಕಣಗಳಿಂದ ಪಿಎಂ10ನ್ನು ಊಹಿಸಿ ಹೇಳುತ್ತವೆ.

ಹೊಗೆ ಪಕ್ಕದ ಒಲೆಯದೆಂದು ಖಚಿತವಾದರೂ ಅಂಕಿಯನ್ನು ಅಳಿಸಬೇಡಿ. ಯಾವ ದಿಕ್ಕಿನ ಹೊಗೆ, ಎಷ್ಟು ಹೊತ್ತಿಗೆ ಎಂದು ಪಕ್ಕದಲ್ಲಿ ಬರೆಯಿರಿ, ಫೋಟೊ ತೆಗೆದಿಡಿ.

ಧೂಳು ಕಣ್ಣಿಗೆ ಕಾಣುತ್ತಿದೆ, ಮಾಪಕ ಸುಮ್ಮನಿದೆ

ಸುಳ್ಳು ಕೂಗಿಗಿಂತ ಇದು ಹೆಚ್ಚು ಅಪಾಯದ ದೋಷ, ಇದರ ಬಗ್ಗೆ ದೂರು ಹೇಳುವವರೂ ಕಡಿಮೆ. ಕೂಗುವ ಮಾಪಕ ಎಲ್ಲರಿಗೂ ಕಿರಿಕಿರಿ. ಸುಮ್ಮನಿರುವ ಮಾಪಕ ಯಾರ ಕೆಲಸಕ್ಕೂ ಅಡ್ಡಿಯಲ್ಲ.

ಮೊದಲು ಗಾಳಿ ಎತ್ತ ಬೀಸುತ್ತಿದೆ ನೋಡಿ. ಬೇಲಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ಕಟ್ಟಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿಯನ್ನು ನಂಬಿ ಪೂರ್ವಕ್ಕೆ ನಿಲ್ಲಿಸಿದ ಮಾಪಕ ಚಳಿಗಾಲದ ಮೂಡಣ ಗಾಳಿಯಲ್ಲಿ ತಪ್ಪು ಜಾಗದಲ್ಲಿ ನಿಂತಿರುತ್ತದೆ. ಗುಡ್ಡದ ಮಗ್ಗುಲಲ್ಲಂತೂ ಹಗಲು ಮೇಲಕ್ಕೂ ರಾತ್ರಿ ಕೆಳಕ್ಕೂ ಗಾಳಿ ತಿರುಗುತ್ತದೆ.

ಆಮೇಲೆ ಬಾಯಿ ನೋಡಿ. ಮಣ್ಣು ಕಣಜಕ್ಕೆ ಮಾಪಕದ ಕೊಳವೆಯಷ್ಟು ಹೇಳಿಮಾಡಿಸಿದ ತೂತು ಇನ್ನೊಂದಿಲ್ಲ. ಒಂದೇ ದಿನದಲ್ಲಿ ಗೂಡು ಕಟ್ಟಿ ಮುಚ್ಚಿಬಿಡುತ್ತದೆ. ಇರುವೆ, ಜೇಡವೂ ಅಷ್ಟೆ. ಬಾಯಿಗೆ ಸಣ್ಣ ಜಾಲರಿ ಹಾಕಿ, ದಿನವೂ ಬೆಳಗ್ಗೆ ಕೊಳವೆಯನ್ನು ಬಿಚ್ಚಿ ನೋಡಿ. ಗಾಳಿಯ ಹರಿವನ್ನು ಅಳೆಯುವ ಸಣ್ಣ ಉಪಕರಣ ಇದ್ದರೆ ಮಾಪಕದ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಪಂಪಿನ ಸದ್ದು ಬರುತ್ತಿದೆ ಎಂದ ಮಾತ್ರಕ್ಕೆ ಗಾಳಿ ಒಳಗೆ ಹೋಗುತ್ತಿದೆ ಎಂದಲ್ಲ.

ಸೋಸುಕಾಗದದ ದೊಡ್ಡ ಸ್ಯಾಂಪ್ಲರ್ ಇಟ್ಟಿದ್ದರೆ ಕರೆಂಟನ್ನು ನೋಡಿ. ಅದು ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿ ಎಳೆಯಬೇಕು. ಸಂಜೆಯ ಕಡಿಮೆ ವೋಲ್ಟೇಜಿನಲ್ಲಿ ಎಳೆತ ಕುಗ್ಗುತ್ತದೆ. ಕರೆಂಟ್ ಹೋದರೆ ನಿಂತೇಬಿಡುತ್ತದೆ. ಐದು ಗಂಟೆ ಓಡಿದ ಯಂತ್ರಕ್ಕೆ ಎಂಟು ಗಂಟೆಯ ಗಾಳಿಯ ಲೆಕ್ಕ ಹಾಕಿದರೆ ಧೂಳು ಇರುವುದಕ್ಕಿಂತ ಬಹಳ ಕಡಿಮೆ ಕಾಣುತ್ತದೆ. ಯಂತ್ರದ ಗಂಟೆಮಾಪಕ ಏನು ಹೇಳುತ್ತದೆಯೋ ಅದೇ ಸಮಯ, ಗೋಡೆ ಗಡಿಯಾರದ್ದಲ್ಲ.

ಇದೆಲ್ಲ ಸರಿಯಿದ್ದೂ ಒಂದು ಸಂಗತಿ ಉಳಿಯುತ್ತದೆ. ಹಳೆಯ ಶೆಡ್ಡಿನ ಮಾಡಿನ ಮೇಲೆ ಇರುವುದು ಬಹಳ ಕಡೆ ಆಸ್ಬೆಸ್ಟಾಸ್ ಸಿಮೆಂಟ್ ಹಾಳೆ. ಅದು ಒಡೆದಾಗ ಹಾರುವ ಎಳೆಗಳನ್ನು ಧೂಳುಮಾಪಕ ಗುರುತಿಸಲಾರದು; ಸೋಸುಕಾಗದದ ಮೇಲೆ ಹಿಡಿದು ಸೂಕ್ಷ್ಮದರ್ಶಕದಲ್ಲಿ ಎಣಿಸಿಯೇ ತಿಳಿಯಬೇಕು. ಶ್ವಾಸಕೋಶ ಸೇರಿದ ಎಳೆ ದಶಕಗಳ ನಂತರ ಕ್ಯಾನ್ಸರ್ ತರಬಲ್ಲದು. ಹಾಳೆಗಳನ್ನು ಮೇಲಿಂದ ಎಸೆಯಬೇಡಿ, ಕತ್ತರಿಸಬೇಡಿ. ನೆನೆಸಿ, ಇಡಿಯಾಗಿ ಬಿಚ್ಚಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಳಿಸಿ. ಮಾಪಕ ಏನೇ ಹೇಳಲಿ, ಈ ಕೆಲಸಕ್ಕೆ ತರಬೇತಿ ಇರುವವರನ್ನೇ ಕರೆಯಿರಿ.

ಕೊಳೆತ ಮೊಟ್ಟೆಯ ವಾಸನೆ. ಸ್ವಲ್ಪ ಹೊತ್ತಿಗೆ ವಾಸನೆಯೇ ಇಲ್ಲ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಮುಚ್ಚಿದ ಗುಂಡಿ, ಕೆಸರು ತುಂಬಿದ ತೊಟ್ಟಿ, ಹಳೆಯ ಚರಂಡಿಗಳಲ್ಲಿ ಗಾಳಿಯಾಡದೆ ಕೊಳೆತ ಕೆಸರು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಲಕಿದೊಡನೆ ಅದು ಹೊರಬರುತ್ತದೆ. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲೇ ನಿಲ್ಲುತ್ತದೆ. ತೀರಾ ಕಡಿಮೆ ಪ್ರಮಾಣದಲ್ಲೇ ಮೂಗಿಗೆ ಗೊತ್ತಾಗುವುದು ಇದರ ಒಂದು ಗುಣ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ತಲುಪಿದಾಗ ಮೂಗನ್ನೇ ಮರಗಟ್ಟಿಸುವುದು ಇನ್ನೊಂದು. ವಾಸನೆ ಹೋಯಿತೆಂದರೆ ಅನಿಲ ಹೋಯಿತೆಂದಲ್ಲ, ಹೆಚ್ಚಾಗಿರಬಹುದು. 500 ಪಿಪಿಎಂ ಮೀರಿದರೆ ಮನುಷ್ಯ ನಿಮಿಷಗಳಲ್ಲಿ ಕುಸಿದು ಬೀಳುತ್ತಾನೆ.

ಆದ್ದರಿಂದ ಇಲ್ಲಿ ಕ್ರಮವೇ ಬೇರೆ. ವಾಸನೆ ಬಂದೊಡನೆ ಎಲ್ಲರೂ ಗಾಳಿ ಬರುವ ಕಡೆಗೆ, ಎತ್ತರದ ಜಾಗಕ್ಕೆ ಹೋಗಿ. ಪರೀಕ್ಷೆ ಆಮೇಲೆ. ನಾಲ್ಕು ಅನಿಲಗಳ (ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್, ಉರಿಯುವ ಅನಿಲ) ಮಾಪಕವನ್ನು ಹಗ್ಗಕ್ಕೆ ಕಟ್ಟಿ ಗುಂಡಿಗೆ ಇಳಿಸಿ ಮೇಲೆ, ನಡುವೆ, ತಳದಲ್ಲಿ ಎರಡೆರಡು ನಿಮಿಷ ನಿಲ್ಲಿಸಿ. ಆಮ್ಲಜನಕ ಶೇಕಡಾ 20.9 ಇರಬೇಕು, 19.5ಕ್ಕಿಂತ ಕಡಿಮೆಯಿದ್ದರೆ ಯಾರೂ ಇಳಿಯಬಾರದು. ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ತಲುಪಿದರೆ, ಉರಿಯುವ ಅನಿಲ ಸ್ಫೋಟದ ಕೆಳಮಿತಿಯ (ಹೊತ್ತಿಕೊಳ್ಳಲು ಗಾಳಿಯಲ್ಲಿ ಬೇಕಾದ ಕನಿಷ್ಠ ಪ್ರಮಾಣ) ಶೇಕಡಾ 10 ತಲುಪಿದರೆ, ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ಆಮ್ಲಜನಕ ತೀರಾ ಕಡಿಮೆಯಿದ್ದಲ್ಲಿ ಬಿಸಿತಂತಿಯ ಉರಿಅನಿಲ ಸೆನ್ಸರ್ ಕೂಡ ಸುಳ್ಳು ಹೇಳುತ್ತದೆ, ಹಾಗಾಗಿ ಆಮ್ಲಜನಕದ ಅಂಕಿಯನ್ನು ಮೊದಲು ಓದಿ. ಈ ಸೆನ್ಸರಿಗೆ ಸಿಲಿಕೋನ್ ವಿಷವಿದ್ದಂತೆ. ವಾಹನದ ಪಾಲಿಶ್ ಸ್ಪ್ರೇ ಪಕ್ಕದಲ್ಲಿ ಇಟ್ಟರೂ ಸಾಯಬಹುದು, ಸತ್ತ ಸೆನ್ಸರ್ ಸೊನ್ನೆ ತೋರಿಸುತ್ತಲೇ ಇರುತ್ತದೆ. ದಿನವೂ ಕೆಲಸಕ್ಕೆ ಮೊದಲು ಪರೀಕ್ಷಾ ಅನಿಲ ಊದಿ ಅದು ಕೂಗುತ್ತದೆಯೇ ನೋಡುವುದನ್ನು ತಪ್ಪಿಸಬೇಡಿ.

ಗುಂಡಿಯಲ್ಲಿ ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬೇಡಿ. ಬಾವಿ, ಗುಂಡಿಗಳ ದುರಂತಗಳಲ್ಲಿ ಎತ್ತಲು ಹೋದ ಅಣ್ಣ, ತಮ್ಮ, ನೆಂಟರೇ ಒಬ್ಬರ ಹಿಂದೊಬ್ಬರು ಸಾಯುತ್ತಾರೆ. 112ಕ್ಕೆ ಕರೆ ಮಾಡಿ, ಅನಿಲವೆಂದು ಸ್ಪಷ್ಟವಾಗಿ ಹೇಳಿ, ಉಸಿರಾಟದ ಸಿಲಿಂಡರ್ ಇರುವವರು ಬೇಕೆಂದು ಹೇಳಿ. ಬಟ್ಟೆಯ ಮುಖಗವಸು, ಎನ್95, ಯಾವುದೂ ಅನಿಲವನ್ನು ತಡೆಯುವುದಿಲ್ಲ.

ಲೇಪನದ ಶೆಡ್ಡಿನಲ್ಲಿ ಹೆಸರು ಅಳಿಸಿದ ಡ್ರಮ್ಮುಗಳಿದ್ದರೆ ಮುಚ್ಚಳ ತೆಗೆಯಬೇಡಿ, ಆಮ್ಲದ ಕ್ಯಾನುಗಳನ್ನು ಅವುಗಳ ಹತ್ತಿರ ಒಯ್ಯಬೇಡಿ. ಅವುಗಳಲ್ಲಿ ಸೈನೈಡ್ ಇರಬಹುದು, ಸೈನೈಡಿಗೆ ಆಮ್ಲ ತಾಗಿದರೆ ಹೈಡ್ರೋಜನ್ ಸೈನೈಡ್ ಹುಟ್ಟುತ್ತದೆ. ಅದರ ವಾಸನೆ ಕೆಲವರ ಮೂಗಿಗೆ ಹುಟ್ಟಿನಿಂದಲೇ ತಿಳಿಯುವುದಿಲ್ಲ.

ಥಿನ್ನರ್, ಪೇಂಟಿನ ವಾಸನೆ. ಪಿಐಡಿ ಅಂಕಿ ಏರುತ್ತಿಳಿಯುತ್ತಿದೆ

ಒಳಗಿನ ದೀಪದ ಬೆಳಕಿನಿಂದ ದ್ರಾವಕಗಳ ಆವಿಯನ್ನು ಅಳೆಯುವ ಪಿಐಡಿ ಮಾಪಕಕ್ಕೂ ತೇವವೇ ಶತ್ರು. ಜೀಪಿನ ಎಸಿಯಿಂದ ಒಮ್ಮೆಲೇ ಹೊರತೆಗೆದರೆ ಒಳಗೆ ಬೆವರುತ್ತದೆ, ಅಂಕಿ ತಾನಾಗಿ ಏರುತ್ತದೆ. ಹತ್ತು ಹದಿನೈದು ನಿಮಿಷ ಹೊರಗಿನ ಗಾಳಿಗೆ ಒಗ್ಗಲು ಬಿಡಿ. ಆಮೇಲೂ ಅನುಮಾನವಿದ್ದರೆ ಅದರ ಬಾಯಿಯ ಸುತ್ತ ಅಂಗೈಯನ್ನು ಬಟ್ಟಲಿನಂತೆ ಹಿಡಿಯಿರಿ. ಕೈಯ ತೇವಕ್ಕೇ ಅಂಕಿ ಏರಿದರೆ ದೀಪ ಮತ್ತು ಸೆನ್ಸರ್ ಕೊಳೆಯಾಗಿವೆ, ತಯಾರಕರು ಹೇಳಿದ ರೀತಿಯಲ್ಲಿ ತೊಳೆದು, 100 ಪಿಪಿಎಂ ಐಸೊಬ್ಯೂಟಿಲೀನ್ ಅನಿಲದಿಂದ ಮತ್ತೆ ಸರಿಹೊಂದಿಸಬೇಕು. ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದನ್ನೂ ನೋಡಿ. ಉಂಬಳ ಹತ್ತದಿರಲೆಂದು ಕಾಲಿಗೆ ಸೀಮೆಎಣ್ಣೆ ಸವರಿಕೊಂಡವರು ಹತ್ತಿರ ಬಂದರೂ ಇದು ಎಚ್ಚರಗೊಳ್ಳುತ್ತದೆ.

ಸಾಮಾನ್ಯ 10.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ದೀಪದ ಪಿಐಡಿ ಮೀಥೇನ್, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸೈನೈಡ್‌ಗಳನ್ನು ಕಾಣುವುದಿಲ್ಲ. ಅದರ ಸೊನ್ನೆಯನ್ನು ನಂಬಿ ಗುಂಡಿಗೆ ಇಳಿಯಬೇಡಿ. ಬೇಲಿಯ ಅಂಚಿನಲ್ಲಿ 15 ನಿಮಿಷಗಳ ಸರಾಸರಿ ಸಹಜಕ್ಕಿಂತ 5 ಪಿಪಿಎಂ ಹೆಚ್ಚಿದರೆ ಕೆಲಸ ನಿಲ್ಲಿಸಿ ತೆರೆದ ಮಣ್ಣನ್ನು ಮುಚ್ಚಿ.

ಬೆಂಕಿಯೇ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಕೂಗು

ಜನರೇಟರ್ ಎಲ್ಲಿದೆ ನೋಡಿ. ಅದಲ್ಲದಿದ್ದರೆ ಬ್ಯಾಟರಿ ಚಾರ್ಜ್ ಆಗುತ್ತಿದೆಯೇ, ಲೋಹದ ಮೇಲೆ ಆಮ್ಲ ಚೆಲ್ಲಿದೆಯೇ ನೋಡಿ. ಎರಡರಿಂದಲೂ ಹೈಡ್ರೋಜನ್ ಬರುತ್ತದೆ, ಮಾನಾಕ್ಸೈಡ್ ಸೆನ್ಸರ್ ಅದಕ್ಕೂ ಕೂಗುತ್ತದೆ. ಇದನ್ನು ಸುಳ್ಳು ಕೂಗೆಂದು ಬಿಡುವಂತಿಲ್ಲ, ಹೈಡ್ರೋಜನ್ ಸಿಡಿಯುತ್ತದೆ. ಕಿಟಕಿ ಬಾಗಿಲು ತೆರೆಯಿರಿ, ಸ್ವಿಚ್ ಮುಟ್ಟಬೇಡಿ.

ಗೋಡೆಯ ಬುಡದಲ್ಲಿ ಹಳದಿ ಪುಡಿ, ಗುಂಡಿಯಲ್ಲಿ ಹಳದಿ ನೀರು

ಇದು ಯಾವ ಮಾಪಕವೂ ಹೇಳದ, ಕಣ್ಣು ಮಾತ್ರ ಹೇಳುವ ಲಕ್ಷಣ. ಕ್ರೋಮ್ ಲೇಪನ ನಡೆದಲ್ಲಿ ಹಳದಿ ಅಥವಾ ಕಿತ್ತಳೆ ಬಣ್ಣವೆಂದರೆ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ಹೆಚ್ಚು ವಿಷದ ರೂಪ, ಎಂದೇ ತಿಳಿಯಿರಿ. ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ತ್ಯಾಜ್ಯದ ರಾಶಿಯಿಂದ ಇಳಿದ ಹಳದಿ ನೀರು ಎಷ್ಟು ಅಂತರ್ಜಲವನ್ನು ಕೆಡಿಸಿತೆಂಬುದು ನಮ್ಮ ಕಣ್ಣೆದುರಿಗಿದೆ. ಮಳೆ ನಿಂತು ಬಿಸಿಲು ಕಾದಾಗ ಅದು ಗೋಡೆಯ ಮೇಲೇರಿ ಪುಡಿಯಾಗಿ ಒಣಗುತ್ತದೆ. ಆ ಪುಡಿ ಉಸಿರಿಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು.

ಪೊರಕೆ ಮುಟ್ಟಿಸಬೇಡಿ. ತೆಳುವಾಗಿ ನೀರು ಸಿಂಪಡಿಸಿ, ಹರಿಯುವಷ್ಟಲ್ಲ. ಮೇಲೆ ಹಾಳೆ ಹೊದಿಸಿ. ಹತ್ತಿರದ ಬಾವಿ, ಕೆರೆಯ ನೀರನ್ನು ಪರೀಕ್ಷೆಗೆ ಕಳಿಸಿ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಫೆರಸ್ ಸಲ್ಫೇಟ್ ಹಾಕಿದರೆ ಅದು ಕಡಿಮೆ ವಿಷದ ರೂಪಕ್ಕೆ ತಿರುಗುತ್ತದೆ ನಿಜ, ಆದರೆ ಪ್ರಮಾಣ ತಿಳಿಯದೆ ಸುರಿಯುವುದು ಬೇಡ. ಇಲ್ಲಿಂದ ಮುಂದೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ತಿಳಿಸಿ ತಜ್ಞರನ್ನು ಕರೆಸುವುದೇ ದಾರಿ. ತೆಗೆದ ಮಣ್ಣನ್ನು ತಗ್ಗು ತುಂಬಿಸಲು ಯಾರಿಗೂ ಕೊಡಬೇಡಿ, ಎಷ್ಟೇ ಕೇಳಿಕೊಂಡರೂ.

ಪ್ರಯೋಗಾಲಯದ ವರದಿಯಲ್ಲಿ ತಾಮ್ರ ಹೆಚ್ಚು

ಅವಸರಪಡಬೇಡಿ. ಕೊಳೆರೋಗ ತಡೆಯಲು ಅಡಿಕೆ ತೋಟಗಳಿಗೆ ತಲೆಮಾರುಗಳಿಂದ ಬೋರ್ಡೋ ದ್ರಾವಣ ಹೊಡೆಯುತ್ತ ಬಂದಿದ್ದೇವೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ತೋಟದ ಮಣ್ಣಿನಲ್ಲೇ ತಾಮ್ರ ಇದೆ, ಹೊಡೆಯುವ ದಿನ ಗಾಳಿಯಲ್ಲೂ ಇದೆ. ಔಷಧಿ ಹೊಡೆದ ದಿನಾಂಕಗಳನ್ನು ತೋಟದವರಿಂದ ಕೇಳಿ ಬರೆದುಕೊಳ್ಳಿ, ಸೈಟಿನಿಂದ ದೂರದ ಒಂದು ತೋಟದ ಮಣ್ಣನ್ನೂ ಹೋಲಿಕೆಗೆ ಕಳಿಸಿ. ಅದೇ ವರದಿಯಲ್ಲಿ ಸೀಸ, ಕ್ರೋಮಿಯಂ, ನಿಕ್ಕಲ್ ಕೂಡ ಏರಿದ್ದರೆ ಬೋರ್ಡೋವನ್ನು ದೂರುವಂತಿಲ್ಲ, ಅದು ಸೈಟಿನ ಧೂಳೇ.

ಹಗಲು ಎಲ್ಲ ಸರಿ, ರಾತ್ರಿ ಕೆಳಗಿನ ಮನೆಯವರಿಗೆ ವಾಸನೆ, ಕಣ್ಣುರಿ

ಚಳಿಗಾಲದ ರಾತ್ರಿ ಗುಡ್ಡದ ಮೇಲಿನ ಗಾಳಿ ತಣಿದು ಭಾರವಾಗಿ ಹಳ್ಳದ ಗುಂಟ ನೀರಿನಂತೆಯೇ ಇಳಿಯುತ್ತದೆ. ತೆರೆದಿಟ್ಟ ಗುಂಡಿಯ ಆವಿಯನ್ನೂ ಜೊತೆಗೆ ಒಯ್ಯುತ್ತದೆ. ಮೇಲೆ ಬೆಚ್ಚಗಿನ ಗಾಳಿಯ ಮುಚ್ಚಳ ಇರುವುದರಿಂದ ಅದು ಚದುರುವುದಿಲ್ಲ. ಹಗಲಿನ ಗಾಳಿ ನೋಡಿ ನಿಲ್ಲಿಸಿದ ಮಾಪಕಕ್ಕೆ ಇದು ಸಿಗುವುದಿಲ್ಲ.

ಮಕ್ಕಳಿಗೆ ವಾಂತಿ, ಎದೆ ಹಿಡಿತ, ಎಬ್ಬಿಸಿದರೂ ಏಳದ ಮಂಪರು ಇದ್ದರೆ ಮಾಪಕಕ್ಕೆ ಕಾಯದೆ ಎತ್ತರದ ಕಡೆಗೆ ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿ, ಸೈಟಿನಲ್ಲಿ ಏನೇನು ಅಗೆಯುತ್ತಿದ್ದಾರೆಂದು ವೈದ್ಯರಿಗೆ ಹೇಳಿ. ಅಷ್ಟು ತೀವ್ರವಲ್ಲದಿದ್ದರೆ ದಿನಾಂಕ, ಗಂಟೆ, ವಾಸನೆ ಯಾವುದರ ಹಾಗಿತ್ತು ಎಂಬ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾನು ಕೆಲಸ ಮಾಡಿದ ಒಂದು ಜಾಗದಲ್ಲಿ ಕೆಳಗಿನ ಮನೆಯ ಅಜ್ಜಿ ಕ್ಯಾಲೆಂಡರಿನ ಚೌಕಗಳಲ್ಲಿ ಗುರುತು ಹಾಕಿಟ್ಟಿದ್ದರು, ಹೆಚ್ಚಿನವು ರಾತ್ರಿ 11ರ ನಂತರ. ನಮ್ಮ ದಾಖಲೆಯಲ್ಲಿ ಆ ಹೊತ್ತಿಗೆ ಏನೂ ಇರಲಿಲ್ಲ. ಮಾಪಕವನ್ನು ಬೇಲಿಯಿಂದ ಬಿಚ್ಚಿ, ಕೆಳಗೆ ಹಳ್ಳದ ದಂಡೆಯಲ್ಲಿ, ಹಾಸಿಗೆಯ ಎತ್ತರಕ್ಕೆ ಇಟ್ಟ ಮೊದಲ ರಾತ್ರಿಯೇ ಅಂಕಿ ಎದ್ದಿತು. ಮರುದಿನದಿಂದ ಸಂಜೆ ಐದಕ್ಕೇ ಗುಂಡಿಗೆ ಹೊದಿಕೆ ಬಿತ್ತು. ಅಜ್ಜಿಯ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ಚೌಕಗಳು ಖಾಲಿ ಉಳಿದವು. ಆದರೂ ಆ ಮಾಪಕವನ್ನು ಕೆಲಸ ಮುಗಿಯುವವರೆಗೆ ಹಳ್ಳದ ದಂಡೆಯಿಂದ ತೆಗೆಯಲಿಲ್ಲ.